ಇಬತ್ತಿ ಗಿಡಕ್ಕೆ ದಿನಕ್ಕೆ ಎಂಟು ಕೊಡ

ಹರಳು ಮಣ್ಣಿನ ಚೀಲ ಹೊತ್ತುಕೊಂಡು ಮುದಕಮ್ಮ ಬಸ್ಸು ಹತ್ತಿದಾಗ ಕಂಡಕ್ಟರ್ ಮೊದಲು ನಕ್ಕ, ಆಮೇಲೆ ಅಡ್ಡ ನಿಂತ.

“ಏನಬೇ ಇದು?”

“ಗರಸು.”

“ಕೋಳಿ ಹಿಡಕೊಂಡು ಬಸ್ ಹತ್ತೂ ಮಂದೀನ ನೋಡೇನಿ, ಕುರಿಮರಿ ಹೊತ್ತಕೊಂಡು ಹತ್ತೂ ಮಂದೀನ ನೋಡೇನಿ. ಗರಸು ಹೊತ್ತಕೊಂಡು ಆಫೀಸಿಗೆ ಹೋಗಾಕಿನ್ನ ಇವತ್ತ ನೋಡಿದೆ. ನಿನಗ ಬಸ್ಸು ಫ್ರೀ ಐತಿ. ಈ ಚೀಲಕ್ಕ ಯಾರ ಫ್ರೀ ಮಾಡ್ಯಾರ?”

“ಹಂಗಾರ ನಾಳಿಂದ ಚೀಲಕ್ಕೂ ಒಂದು ಸೀರಿ ಉಡಿಸಿ ತರತೀನಿ ತಗೋ. ಹೆಂಗಸು ಅಂತ ಬರಕೋ.”

ಬಸ್ಸಿನ ಅರ್ಧ ಮಂದಿ ನಕ್ಕರು. ಕಂಡಕ್ಟರನೂ ನಕ್ಕು ಶಿಳ್ಳೆ ಊದಿದ. ಮುದಕಮ್ಮ ಮಾತ್ರ ನಗಲಿಲ್ಲ. ಚೀಲವನ್ನು ಎರಡು ಪಾದಗಳ ನಡುವೆ ಒತ್ತಿ ಹಿಡಿದು ಕೂತಳು. ಒಮ್ಮೆ ಕಿಟಕಿಯಾಚೆ ನೋಡಿದಳು, ಒಮ್ಮೆ ಡ್ರೈವರನ ಬೆನ್ನು ನೋಡಿದಳು, ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದಳು. ಯಲಬುರ್ಗಾ ಇನ್ನೂ ಎಂಟು ಕಿಲೋಮೀಟರ್. ಕಚೇರಿಯ ಬಾಗಿಲು ತೆರೆಯುವ ಮೊದಲು ಅಂಗಳದ ಆ ಒಂದು ಗುಂಡಿಯ ಮಣ್ಣು ಬದಲಾಗಬೇಕಿತ್ತು. ಬದಲಾಗದಿದ್ದರೆ ಗಿಡ ಸಾಯುತ್ತಿತ್ತು. ಗಿಡ ಸತ್ತರೆ ಅವಳ ಹನ್ನೊಂದು ವರ್ಷದ ಕೆಲಸ ಹೋಗುತ್ತಿತ್ತು.

ಅದೊಂದು ಸರಕಾರಿ ಕಚೇರಿ. ಅಲ್ಲಿ ಮುದಕಮ್ಮ ಮಾಲಿ. ಹಾಗೆಂದು ಜನ ಕರೆಯುತ್ತಾರೆ, ಕಾಗದ ಕರೆಯುವುದಿಲ್ಲ. ಹೊರಗುತ್ತಿಗೆಯ ಪಟ್ಟಿಯಲ್ಲಿ ಅವಳ ಹೆಸರಿನ ಮುಂದೆ ‘ಸ್ವಚ್ಛತೆ’ ಎಂದಷ್ಟೇ ಇದೆ. ಆ ಪಟ್ಟಿ ಪ್ರತಿ ಜೂನ್ ತಿಂಗಳಿಗೆ ಹೊಸದಾಗಿ ಬರುತ್ತದೆ. ಹೆಸರಿದ್ದರೆ ಇನ್ನೊಂದು ವರ್ಷ, ಇಲ್ಲದಿದ್ದರೆ ಇಲ್ಲ. ಹನ್ನೊಂದು ಜೂನ್‌ಗಳನ್ನು ಅವಳು ಉಸಿರು ಬಿಗಿಹಿಡಿದು ದಾಟಿದ್ದಳು. ಗಂಡ ಗಾದಿಲಿಂಗಪ್ಪ ಕಲ್ಲಿನ ಕ್ವಾರಿಯಲ್ಲಿ ದುಡಿದು ಮೊಣಕಾಲು ಕಳೆದುಕೊಂಡು ಮನೆಯಲ್ಲಿ ಹಗ್ಗ ಹೊಸೆಯುತ್ತಾನೆ. ಮಗಳು ಲಲಿತಾ ಕೊಪ್ಪಳದಲ್ಲಿ ನರ್ಸಿಂಗ್ ಓದುತ್ತಾಳೆ. ಇಡೀ ಮನೆ ಆ ಒಂದು ಹೆಸರಿನ ಮೇಲೆ ನಿಂತಿತ್ತು.

ಕಚೇರಿಯ ಅಂಗಳದಲ್ಲಿ ಒಂದು ಹಳೆಯ ಬೇವು, ನಾಲ್ಕು ಕಣಗಿಲ, ಎರಡು ದಾಸವಾಳ. ಎಲ್ಲ ಅವಳ ಕೈಯವು. ಬೇವಿನ ಕೆಳಗೆ ಪ್ರತಿ ಬೇಸಿಗೆ ಎರಡು ಮಣ್ಣಿನ ಹರವಿ ಅರ್ಧ ಹೂಳಿ, ನೀರು ತುಂಬಿ, ಮೇಲೊಂದು ತಂಬಿಗೆ ಇಡುತ್ತಿದ್ದಳು. ಯಾರೂ ಹೇಳಿ ಮಾಡಿಸಿದ್ದಲ್ಲ. ಹಳ್ಳಿಗಳಿಂದ ಬಸ್ಸಿನಲ್ಲಿ ಬಂದು, ‘ಸಾಹೇಬರು ಮೀಟಿಂಗಿನ್ಯಾಗ ಅದಾರ’ ಎಂಬ ಮಾತು ಕೇಳಿ, ಮಧ್ಯಾಹ್ನದ ತನಕ ಬೇವಿನ ನೆರಳನ್ನು ಬೆನ್ನಟ್ಟಿ ಕೂಡುವ ಜನಕ್ಕೆ ನೀರು ಬೇಕು ಎನ್ನುವುದು ಅವಳಿಗೆ ಮಾತ್ರ ಹೊಳೆದಿತ್ತು. ಒಳಗಿದ್ದವರಿಗೆ ಫಿಲ್ಟರ್ ನೀರಿತ್ತಲ್ಲ, ಅವರಿಗೇಕೆ ಹೊಳೆದೀತು?

ಜನವರಿಯಲ್ಲಿ ಹೊಸ ಸಾಹೇಬರು ಬಂದರು. ಹೆಸರು ಪ್ರವೀಣಕುಮಾರ, ಗಂಗಾವತಿ ಸೀಮೆಯ ಸಿದ್ದಾಪುರದ ಕಡೆಯವರು, ಕಾಲುವೆ ನೀರಿನಲ್ಲಿ ಭತ್ತ ಬೆಳೆಯುವ ಮನೆತನ. ಕೆಟ್ಟವರೆಂದರೆ ಸುಳ್ಳಾಗುತ್ತದೆ. ಕೈ ಒಡ್ಡುವವರಲ್ಲ, ಬಾಯಿ ಹೊಲಸು ಮಾಡುವವರಲ್ಲ, ಹತ್ತು ಗಂಟೆಗೆ ಕುರ್ಚಿಯಲ್ಲಿರುತ್ತಿದ್ದರು. ಕೇಳಿಸಿಕೊಳ್ಳುವುದನ್ನು ಮಾತ್ರ ಅವರಿಗೆ ಯಾರೂ ಕಲಿಸಿರಲಿಲ್ಲ. ಅಧಿಕಾರದಲ್ಲಿ ಇರುವವರಿಗೆ ಕಿವಿ ಒಂದು ಆಭರಣ ಎಂದು ಯಾವ ತರಬೇತಿಯಲ್ಲಿ ಹೇಳಿಕೊಡುತ್ತಾರೋ ತಿಳಿಯದು.

ಮಾರ್ಚ್ ಮೊದಲ ವಾರ ಗಂಗಾವತಿಯ ನರ್ಸರಿಯಿಂದ ಒಂದು ಟೆಂಪೋದಲ್ಲಿ ನಾಲ್ಕು ಗಿಡ ಹೊರಟವು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ: ಆ ಇಲಾಖೆಯ ನಾಲ್ಕು ಕಚೇರಿಗೆ ನಾಲ್ಕು. ‘ಬರ ತಡೆಯುವ ಅಲಂಕಾರಿಕ ತಾಳೆ’ ಎಂದು ಕಾಗದದಲ್ಲಿತ್ತು. ಹುಟ್ಟಿದ ನಾಡು ಮಡಗಾಸ್ಕರ್ ಅಂತೆ. ಹಳ್ಳದ ಗುಂಟ ಈಚಲು ಸಾಲುಗಟ್ಟಿ ಬಿಟ್ಟಿಯಾಗಿ ನಿಂತ ಸೀಮೆಗೆ, ಬರ ತಡೆಯುವುದನ್ನು ಕಲಿಸಲು ಸಮುದ್ರದಾಚೆಯಿಂದ ಒಂದು ಗಿಡ ಬರಬೇಕಾಯಿತು. ಹೀಗೆ ಕೇಳುವವರು ಕೇಳಲಿ. ಮುದಕಮ್ಮ ಕೇಳಲಿಲ್ಲ. ಟೆಂಪೋದಿಂದ ಇಳಿಸಿದಾಗಲೇ ಅವಳು ಆ ಗಿಡಕ್ಕೆ ಸೋತುಬಿಟ್ಟಳು.

ಬೀಸಣಿಗೆಯಂಥ ಎಲೆ. ಹಸಿರಲ್ಲ, ನೀಲಿಯೂ ಅಲ್ಲ, ಬೂದು ಬೆಳ್ಳಿಯ ಬಣ್ಣ. ಬೆರಳಿಟ್ಟರೆ ತೆಳ್ಳನೆಯ ಬಿಳಿ ಪುಡಿ ಅಂಟುತ್ತದೆ.

“ನೋಡಬೇ ನಾಹೀದಾ,” ಎಂದು ಅವಳು ಕಂಪ್ಯೂಟರ್ ಹುಡುಗಿಯನ್ನು ಕರೆದು ತೋರಿಸಿದಳು, “ಮೈತುಂಬ ಇಬತ್ತಿ ಬಳಕೊಂಡು ಕುಂತೈತಿ.”

ವಿಭೂತಿ ಬಳಿದಂತಿದ್ದ ಅದು ಅಂದಿನಿಂದ ಇಬತ್ತಿ ಗಿಡ.

ನೆಡುವ ದಿನ ಪ್ರವೀಣಕುಮಾರ ಸಾಹೇಬರು ಪ್ಯಾಂಟು ಮಡಚಿ, ಸಲಿಕೆ ಹಿಡಿದು, ಗಿಡದ ಸುತ್ತ ಗುಂಡಗೆ ಒಡ್ಡು ಕಟ್ಟಿದರು. ಭತ್ತದ ಮಡಿಗೆ ಕಟ್ಟುವಂಥ ಒಡ್ಡು, ಒಂದು ಹನಿ ಆಚೆ ಹೋಗದ ಹಾಗೆ. ಕೈ ಚಳಕ ನೋಡಿದರೆ ರೈತನ ಮಗನೆಂದು ಗೊತ್ತಾಗುತ್ತಿತ್ತು. ಆದರೆ ಆ ಕೈ ಕಲಿತದ್ದು ಸಿದ್ದಾಪುರದ ಮಣ್ಣಿನಲ್ಲಿ. ಕಾಲ ಕೆಳಗಿದ್ದದ್ದು ಯಲಬುರ್ಗಾದ ಎರೆ. ಕುಡಿದ ನೀರನ್ನು ತಿಂಗಳುಗಟ್ಟಲೆ ಹೊಟ್ಟೆಯಲ್ಲಿ ಇಟ್ಟುಕೊಳ್ಳುವ ಕರಿ ನೆಲ.

“ಮುಂಜಾನೆ ಎರಡು ಕೊಡ, ಸಂಜಿಗೆ ಎರಡು ಕೊಡ,” ಎಂದರು ಸಾಹೇಬರು. “ಹಾಕೂ ಮುಂದ ಫೋಟೋ ತೆಗೀಬೇಕು. ಫೋಟೋದಾಗ ತಾರೀಖು, ಟೈಮು, ಜಾಗ ಬರಬೇಕು. ನಾಕೂ ಆಫೀಸಿನ ಫೋನ್ ಗ್ರೂಪಿನ್ಯಾಗ ಹಾಕಬೇಕು. ದೊಡ್ಡ ಸಾಹೇಬರು ಕೊಪ್ಪಳದಾಗ ಕುಂತು ನೋಡ್ತಾರ. ಗಿಡ ಒಣಗಿತಂದ್ರ, ಮುದಕಮ್ಮ, ಜೂನಿನ ಪಟ್ಟಿಯಾಗ ನಿನ್ನ ಹೆಸರು ಇರೂದಿಲ್ಲ. ಆಮ್ಯಾಲ ಅಳಬಾರದು.”

“ಆತ್ರಿ.”

ಭಾನುವಾರ ಮತ್ತು ಎರಡನೆಯ, ನಾಲ್ಕನೆಯ ಶನಿವಾರ ಫೋಟೋ ಕಳಿಸಬೇಕಾಗಿರಲಿಲ್ಲ. ಸರಕಾರಿ ರಜೆಯ ದಿನ ಗಿಡಕ್ಕೆ ಬಾಯಾರಿಕೆ ಇರುವುದಿಲ್ಲ.

ಮೂರು ವಾರ ಹೀಗೆ ನಡೆಯಿತು. ಮುದಕಮ್ಮ ಕೊಡ ಬಗ್ಗಿಸುವುದು, ನಾಹೀದಾ ಫೋನ್ ಹಿಡಿಯುವುದು, ಗ್ರೂಪಿನಲ್ಲಿ ಯಾರೋ ಹೆಬ್ಬೆರಳು ಎತ್ತುವುದು. ನಾಲ್ಕನೆಯ ವಾರ ಗಿಡದ ಕೆಳಗಿನ ಎಲೆ ಹಳದಿಯಾಯಿತು. ಮರುದಿನ ಇನ್ನೊಂದು ಬಗ್ಗಿತು. ಸಾಹೇಬರು ಹೊರಗೆ ಬಂದು ನೋಡಿ ಹಣೆ ಗಂಟಿಕ್ಕಿದರು.

“ನೀರ ಸಾಲವಲ್ದು. ನಾಳಿಂದ ಎಂಟು ಕೊಡ.”

“ಎಂಟು ಕೊಡ ಎಲ್ಲಿಂದ ತರಲ್ರಿ? ಬೋರು ಅರ್ಧಾ ತಾಸು ಬರತೈತಿ. ಟ್ಯಾಂಕರು ದಿನಾ ಬಿಟ್ಟು ದಿನಾ.”

“ಆ ಹರವಿ ತುಂಬಸೂದು ಬಿಡು. ಎದುರಿಗೇ ಅವು ಛಲೋನೂ ಕಾಣೂದಿಲ್ಲ.”

ಅಂದೇ ಹರವಿಗಳು ಖಾಲಿಯಾದವು. ಮರುದಿನ ಕಳಕಪ್ಪ ಬಂದ. ಹೊಲದ ಒಂದು ಕಾಗದಕ್ಕಾಗಿ ಎಂಟು ತಿಂಗಳಿಂದ ವಾರಕ್ಕೊಮ್ಮೆ ಬರುವ ಮುದುಕ. ಹರವಿಯೊಳಗೆ ತಂಬಿಗೆ ಇಳಿಸಿದರೆ ತಳಕ್ಕೆ ಬಡಿದು ಟಣ್ ಎಂದಿತು.

“ಮುದಕವ್ವಾ, ನೀರ ಎಲ್ಲಿ?”

“ಗಿಡಕ್ಕ ಹೋಗ್ಯಾವ, ಕಾಕಾ.”

“ಹಂಗಾರ ನಾನೂ ನಾಕು ಎಲಿ ಬಿಟಗೊಂಡು ಅಲ್ಲೇ ನಿಂದರತೀನಿ. ನನಗೂ ಒಂದು ಫೋಟೋ ತಗೀರಿ.”

ಹೇಳಿ ಮುದುಕ ತಾನೇ ನಕ್ಕ. ಒಣ ತುಟಿ ನಗುವಿಗೆ ಸರಿಯಾಗಿ ಹಿಗ್ಗಲಿಲ್ಲ. ಮುದಕಮ್ಮನ ಮೈ ಉರಿಯಿತು. ಸಾಹೇಬರ ಮೇಲೋ, ಗಿಡದ ಮೇಲೋ, ತನ್ನ ಮೇಲೋ ಗೊತ್ತಾಗಲಿಲ್ಲ.

ಎಂಟು ಕೊಡ ಶುರುವಾದ ಮೇಲೆ ಗಿಡ ಇನ್ನೂ ಬೇಗ ಬಗ್ಗತೊಡಗಿತು. ಅವಳಿಗೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಕಸ ಹೊಡೆಯುತ್ತಿದ್ದವಳು ಪೊರಕೆ ಬಿಟ್ಟು ಬರುವಳು, ಗಿಡ ನೋಡುವಳು, ಹೋಗುವಳು, ಮತ್ತೆ ಬರುವಳು. ಒಂದು ಮಧ್ಯಾಹ್ನ ಸಾಹೇಬರು ಊಟಕ್ಕೆ ಹೋದಾಗ ಒಡ್ಡಿನೊಳಗೆ ಕುಕ್ಕರುಗಾಲಲ್ಲಿ ಕೂತು, ಮೊಣಕೈ ತನಕ ಕೈ ಇಳಿಸಿ ಒಂದು ಹಿಡಿ ಮಣ್ಣು ತೆಗೆದಳು. ಹಿಂಡಿದರೆ ಬೆರಳ ಸಂದಿಯಿಂದ ಬೆಣ್ಣೆಯ ಹಾಗೆ ಜಾರಿತು. ಮೂಗಿಗೆ ಹಿಡಿದಳು. ಹುಳಿ. ಮೂರು ದಿನದ ಗಂಜಿ ಕೊಳೆತ ವಾಸನೆ.

ಆ ವಾಸನೆ ಅವಳಿಗೆ ಹೊಸದಲ್ಲ. ಹದಿನಾಲ್ಕರಿಂದ ಮೂವತ್ತರ ತನಕ ಅವಳು ಪ್ರತಿ ವರ್ಷ ಹೆಂಗಸರ ಗುಂಪಿನೊಂದಿಗೆ ಸಿದ್ದಾಪುರದ ಕಡೆ ಭತ್ತದ ನಾಟಿಗೆ ಹೋಗುತ್ತಿದ್ದಳು. ಮೊಣಕಾಲುದ್ದ ನೀರಿನಲ್ಲಿ ಬಗ್ಗಿ ಹಿಮ್ಮುಖ ನಡೆಯುವ ಕೆಲಸ. ಅಲ್ಲಿ ಕಾಲುವೆಯ ಕೊನೆಗೆ ಕೆಲವು ಹೊಲಗಳು ಜವಳು ಹಿಡಿದಿದ್ದವು. ವರ್ಷಾನುಗಟ್ಟಲೆ ನೀರು ನಿಂತು, ನೆಲ ಹುಳಿತು, ಮೇಲೆ ಉಪ್ಪು ಬಿಳಿಯಾಗಿ ಹೆಪ್ಪುಗಟ್ಟಿ, ಒಂದು ಹುಲ್ಲು ಕಡ್ಡಿಯೂ ಏಳದ ಹೊಲಗಳು. ಅಲ್ಲಿ ನಡೆದರೆ ಕಾಲಿಗೆ ಇದೇ ವಾಸನೆ ಅಂಟುತ್ತಿತ್ತು. ನೀರಿಲ್ಲದೆ ಸತ್ತ ನೆಲವನ್ನು ಅವಳು ತನ್ನೂರಿನಲ್ಲಿ ನೋಡಿದ್ದಳು, ನೀರು ಹೆಚ್ಚಾಗಿ ಸತ್ತ ನೆಲವನ್ನು ಅಲ್ಲಿ ನೋಡಿದ್ದಳು. ಎರಡು ಕಡೆಯೂ ಸಾಯುವ ಗಿಡದ ಮುಖ ಒಂದೇ ಥರ. ಎಲೆ ಹಳದಿ, ತಲೆ ಕೆಳಗೆ. ಮುಖ ನೋಡಿ ಹೇಳಲಾಗದು, ಕೈ ಹಾಕಬೇಕು.

ಆ ಸಂಜೆ ಅವಳು ಸಾಹೇಬರ ಬಾಗಿಲಲ್ಲಿ ನಿಂತಳು.

“ಸಾಹೇಬ್ರ, ಗಿಡಕ್ಕ ನೀರ ಹೆಚ್ಚಾಗೈತ್ರಿ. ಬೇರು ಕೊಳ್ಯಾಕ ಹತ್ತ್ಯಾವ.”

ಪ್ರವೀಣಕುಮಾರ ಕಡತದಿಂದ ತಲೆ ಎತ್ತಿದರು. “ಏನಂದಿ?”

“ಎರಿ ನೆಲ ಐತ್ರಿ ಇದು. ನೀರ ಕೆಳಗ ಇಳಿಯೂದಿಲ್ಲ. ಒಡ್ಡು ಒಡದು, ಗರಸು ಹಾಕಿ, ಒಂದೆರಡು ತಿಂಗಳ ನೀರ ಬಿಟ್ಟರ...”

“ನೀರ ಬಿಟ್ಟರ? ಬ್ಯಾಸಗಿಯೊಳಗ? ನಮ್ಮ ಸೀಮಿಯಾಗ ನೀರ ಹೆಚ್ಚಾಗಿ ಸತ್ತದ್ದು ಒಂದು ಗಿಡಾ ತೋರಸು.”

“ಗಿಡಾ ಯಾಕ್ರಿ, ಹೊಲಾನ ತೋರಸ್ತೀನಿ. ಕಾಲವಿ ಕೊನೀಗೆ ಬಿಳೀ ಆಗಿ ಬಿದ್ದಾವಲ್ರಿ. ನಾ ಅಲ್ಲಿ ನಾಟಿ ಮಾಡೇನಿ.”

ಸಾಹೇಬರ ಮುಖದಲ್ಲಿ ಏನೋ ಒಂದು ಹಾದುಹೋಯಿತು. ತಮ್ಮ ಸೀಮೆಯ ಆ ಹೊಲಗಳು ಅವರಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ನಾಟಿಗೆ ಬಂದ ಕೂಲಿ ಹೆಂಗಸು ಅದನ್ನು ನೋಡಿಟ್ಟುಕೊಂಡಿದ್ದಳು ಎನ್ನುವುದು ಗೊತ್ತಿರಲಿಲ್ಲ.

“ಹೇಳಿದಷ್ಟು ಮಾಡು,” ಎಂದರು. “ನಾಳೆ ಫೋಟೋ ಲೇಟಾಗಬಾರದು.”

ಅವಳು ಹೊರಗೆ ಬಂದಳು. ಹೇಳಿದಷ್ಟು ಮಾಡಿದರೆ ಗಿಡ ಸಾಯುತ್ತದೆ, ಹೆಸರು ಹೋಗುತ್ತದೆ. ಮಾಡದಿದ್ದರೆ ಹೇಳಿದ್ದು ಮಾಡಲಿಲ್ಲವೆಂದು ಹೆಸರು ಹೋಗುತ್ತದೆ. ಬಡವರನ್ನು ನಿಲ್ಲಿಸಲು ನಮ್ಮ ಕಚೇರಿಗಳು ಯಾವಾಗಲೂ ಇಂಥದೇ ಒಂದು ಜಾಗ ಹುಡುಕಿ ಇಟ್ಟಿರುತ್ತವೆ. ಎರಡೂ ಕಡೆ ಗುಂಡಿ, ನಡುವೆ ಒಂದು ಸಹಿ.

ಹೀಗೆ ಅವಳು ಗರಸಿನ ಚೀಲ ಹೊತ್ತು ಬಸ್ಸು ಹತ್ತಿದ್ದು. ಊರ ಹೊರಗಿನ ಗುಡ್ಡದ ಕಲ್ಲುಹರಳಿನ ಗರಸು, ಜೊತೆಗೆ ಕೆಂಪು ಮಸಾರಿ ಮಣ್ಣು, ದಿನಕ್ಕೊಂದು ಚೀಲದಂತೆ ಆರು ದಿನ. ಏಳೂವರೆಗೆ ಕಚೇರಿ ತಲುಪಿ, ಬೇರಿಗೆ ಪೆಟ್ಟಾಗದ ಹಾಗೆ ಕೈಯಲ್ಲೇ ಎರೆ ಬಗೆದು ಗರಸು ತುಂಬಿದಳು. ಕಣಗಿಲದ ಕಡೆಗೆ ಒಂದು ಸಣ್ಣ ತೋಡು ಬಿಟ್ಟು, ಮೇಲೆ ಒಣ ಎಲೆ ಹರಡಿದಳು. ಒಡ್ಡು ಮೇಲುನೋಟಕ್ಕೆ ಹಾಗೇ ಇತ್ತು, ಒಳಗಿನಿಂದ ಬಾಯಿ ಬಿಟ್ಟಿತ್ತು.

ಉಳಿದದ್ದು ಫೋಟೋ. ಮೊದಲ ದಿನ ನಾಹೀದಾ ಫೋನ್ ಹಿಡಿದು ತಡೆದಳು.

“ಯಕ್ಕಾ, ಕೊಡದಾಗ ನೀರ ಇಲ್ಲ!”

“ಒಂದು ತಂಬಗಿ ಐತಿ. ಬಗ್ಗಿಸಿದಾಗ ಸುರೀತೈತಿ. ಲಗೂನ ತಗಿ.”

“ಸಾಹೇಬರು ಕೇಳಿದ್ರ?”

“ಫೋಟೋದಾಗ ಕೊಡದ ಹೊಟ್ಟಿ ಕಾಣತೈತೇನು?”

ನಾಹೀದಾ ಒಂದು ಗಳಿಗೆ ಅವಳ ಮುಖ ನೋಡಿದಳು. ಆಮೇಲೆ ಫೋನನ್ನು ಸ್ವಲ್ಪ ಓರೆ ಮಾಡಿದಳು. “ಹಿಂಗ ನಿಂದರು. ಈಗ ತುಂಬಿದ ಕೊಡ ಕಂಡಂಗ ಕಾಣತೈತಿ. ಸೊಂಟಾ ಸ್ವಲ್ಪ ಬಗ್ಗಸು, ಭಾರ ಆದಂಗ. ಹಾಂ! ನೀ ಸಿನಿಮಾಕ್ಕ ಹೋಗಬೇಕಿತ್ತು ನೋಡು.”

ಉಳಿದ ನೀರು ಹರವಿಗೆ ಹೋಯಿತು. ಸಾಹೇಬರ ಕಣ್ಣಿಗೆ ಬೀಳದಂತೆ ಅವುಗಳನ್ನು ಕಿತ್ತು ಬೇವಿನ ಹಿಂದುಗಡೆ ಸರಿಸಿದ್ದಳು. ಕಳಕಪ್ಪ ಎರಡು ತಂಬಿಗೆ ಕುಡಿದು ಮೂರನೆಯದನ್ನು ತಲೆಗೆ ಹಾಕಿಕೊಂಡ.

ಇಷ್ಟೆಲ್ಲ ಮಾಡಿದ ಮೇಲೆ ಮನಸ್ಸಿಗೆ ನೆಮ್ಮದಿ ಬರಬೇಕಿತ್ತಲ್ಲ? ಬರಲಿಲ್ಲ. ಗಿಡ ಬದುಕುತ್ತದೆಂದು ಯಾರು ಬರೆದುಕೊಟ್ಟಿದ್ದರು? ತಾನು ತಿಳಿದದ್ದು ತಪ್ಪಾಗಿ, ಅದು ನಿಜಕ್ಕೂ ನೀರಿಲ್ಲದೆ ಒಣಗುತ್ತಿದ್ದರೆ? ಎಲೆಅಡಿಕೆಯ ಡಬ್ಬಿಯಿಂದ ಸುಣ್ಣ ತೆಗೆದು, ಗಿಡದ ನಡುವಿನ ಬಿಚ್ಚದ ಸುಳಿಗೂ ಪಕ್ಕದ ಎಲೆಯ ದಂಟಿಗೂ ಒಂದೇ ಸಮಕ್ಕೆ ಗೆರೆ ಎಳೆದಳು. ಸುಳಿ ಬೆಳೆದರೆ ಅದರ ಗೆರೆ ಮೇಲೇರಬೇಕು. ಒಂದು ವಾರ ಹೋಯಿತು. ಎರಡು ಗೆರೆಯೂ ಸಮ. ಎರಡು ವಾರ. ಸಮ. ಭಾನುವಾರವೂ ಬಸ್ಸು ಹತ್ತಿ ಬಂದು, ಬೀಗ ಹಾಕಿದ ಗೇಟಿನ ಸರಳಿಗೆ ಮುಖ ಒತ್ತಿ ನೋಡಿಹೋದಳು.

ಮನೆಯಲ್ಲಿ ರೊಟ್ಟಿ ತಟ್ಟುತ್ತಿದ್ದವಳು ನಡುವೆಯೇ ಎದ್ದು ಬಾಗಿಲಿಗೆ ಹೋಗಿ ನಿಲ್ಲುವಳು. ತವದ ಮೇಲೆ ರೊಟ್ಟಿ ಸೀಯುವುದು. ಗಾದಿಲಿಂಗಪ್ಪ ಹಗ್ಗ ಹೊಸೆಯುತ್ತ ಗೊಣಗುವನು.

“ಲಲಿತಾ ಹುಟ್ಟಿದಾಗೂ ನೀ ಹಿಂಗ ಎದ್ದೆದ್ದು ನೋಡಿರಲಿಲ್ಲ ತಗೋ. ಆ ಗಿಡ ಏನ ನಿನ್ನ ತವರಮನೀದೇನು?”

“ಅದು ಸತ್ತರ ನಿನ್ನ ಹಗ್ಗದಾಗ ಲಲಿತಾನ ಫೀಜು ಕಟ್ಟಬೇಕಾಗತೈತಿ.”

“ಹಂಗಾರ ಎದ್ದು ನೋಡು ಮಾರಾಯ್ತಿ. ನಾನೂ ನೋಡಲೇನು?”

ಹದಿನೇಳನೆಯ ದಿನ ಸುಳಿಯ ಗೆರೆ ಒಂದು ಅಕ್ಕಿಕಾಳಿನಷ್ಟು ಮೇಲೆ ಹೋಗಿತ್ತು. ಅವಳು ಹೆಬ್ಬೆರಳ ಉಗುರಿನಲ್ಲಿ ಅಳೆದಳು. ಮತ್ತೆ ಅಳೆದಳು. ನಾಹೀದಾಳನ್ನು ಕರೆದು ಅಳೆಸಿದಳು. ಮೇ ನಡುವಿಗೆ ಹೊಸ ಎಲೆ ಬಿಚ್ಚಿತು, ಬೆಳ್ಳಿಯಂಥ ಹೊಸ ಇಬತ್ತಿ ಬಳಿದುಕೊಂಡು. ಅದರ ಹಿಂದೆ ಇನ್ನೊಂದು ಸುಳಿ. ಎರಡೇ ಸಲ, ಮಣ್ಣಿಗಿಳಿಸಿದ ಬೆರಳು ‘ಒಣಗಿದೆ’ ಎಂದು ಹೇಳಿದಾಗ, ಒಂದೊಂದು ಕೊಡ ನೀರು ಹಾಕಿದಳು. ಅಷ್ಟೇ.

ಗಿಡ ಗೆದ್ದಿತು. ಆದರೆ ಅದೇ ವಾರ ಕುಷ್ಟಗಿಯಿಂದ ಸರ್ದಾರಬೀಯ ಫೋನ್ ಬಂತು. ಸರ್ದಾರಬೀ ಅಲ್ಲಿಯ ಕಚೇರಿಯ ಮಾಲಿ, ಹೊರಗುತ್ತಿಗೆಯವಳೇ. ಹಿಂದೆ ಇಬ್ಬರೂ ಒಂದೇ ಗುಂಪಿನಲ್ಲಿ ನಾಟಿ ಮಾಡಿದವರು.

“ಮುದಕಿ, ನಿಮ್ಮ ಗಿಡ ಭಾಳ ಛಲೋ ಆಗೈತಂತ? ಗ್ರೂಪಿನ್ಯಾಗ ಎಲ್ಲಾರೂ ಅದನ್ನ ಹೇಳಾಕತ್ತಾರ. ನಂದು ಹಳದಿ ಆಗಿ ಬಗ್ಗೈತಿ. ಒಣಗಿದ್ರ ನನ್ನ ತಗೀತಾರಂತ. ಏನ ಹಾಕತಿ ನೀ ಅದಕ್ಕ?”

ಮುದಕಮ್ಮ ಸುತ್ತ ನೋಡಿದಳು. ಸಾಹೇಬರ ಕಿಟಕಿ ತೆರೆದಿತ್ತು. ನೀರು ಹಾಕಬ್ಯಾಡ ಎಂದರೆ, ಮತ್ತೆ ನೀನು ಹಾಕುವುದು ಏನು ಎಂಬ ಪ್ರಶ್ನೆ ಬರುತ್ತದೆ. ಸರ್ದಾರಬೀ ಬಾಯಿ ಬಿಟ್ಟರೆ, ಗ್ರೂಪು, ಫೋಟೋ, ಜೂನು.

“ಏನೂ ಇಲ್ಲಬೇ. ನೋಡೂಣ. ಆಮ್ಯಾಲ ಹೇಳತೀನಿ,” ಎಂದು ಫೋನ್ ಇಟ್ಟಳು.

ಆ ‘ಆಮ್ಯಾಲ’ ಅವಳನ್ನು ತಿನ್ನತೊಡಗಿತು. ದಿನಾ ಫೋನ್ ಎತ್ತಿಕೊಳ್ಳುವಳು, ಇಡುವಳು. ನಾಳೆ ಹೇಳೋಣ. ಜೂನ್ ಒಂದು ದಾಟಲಿ, ಹೇಳೋಣ. ಅಷ್ಟರಲ್ಲಿ ಕುಷ್ಟಗಿಯ ಗಿಡದ ಬೇರು ದಿನಕ್ಕೆ ನಾಲ್ಕು ಕೊಡ ನೀರಿನಲ್ಲಿ ಕೊಳೆಯುತ್ತಿತ್ತು. ಅದು ಅವಳಿಗೆ ಇಲ್ಲಿಂದಲೇ ಮೂಗಿಗೆ ಬಡಿಯುತ್ತಿತ್ತು.

ಮೇ ಕೊನೆಯ ವಾರ ಕೊಪ್ಪಳದಿಂದ ದೊಡ್ಡ ಸಾಹೇಬರು ಬಂದರು. ಅಂಗಳಕ್ಕೆ ರಂಗೋಲಿ, ಟೇಬಲ್ಲಿಗೆ ಹಸಿರು ಬಟ್ಟೆ. ಪ್ರವೀಣಕುಮಾರ ಫೋಟೋಗಳನ್ನೆಲ್ಲ ಬಣ್ಣದಲ್ಲಿ ಮುದ್ರಿಸಿ ಒಂದು ಕಡತ ಮಾಡಿಸಿದ್ದರು. ಒಂದೊಂದು ಹಾಳೆಯಲ್ಲೂ ಮುದಕಮ್ಮ, ಒಂದೊಂದು ಹಾಳೆಯಲ್ಲೂ ಬಗ್ಗಿದ ಕೊಡ. ದೊಡ್ಡ ಸಾಹೇಬರು ಗಿಡದ ಸುತ್ತ ಒಂದು ಸುತ್ತು ಬಂದರು.

“ವ್ಹಾ! ನಾಲ್ಕರಾಗ ಇದೊಂದ ಎದ್ದು ನಿಂತೈತಿ. ಏನ ಮಾಡಿದ್ರಿ?”

“ಎಂಟು ಕೊಡ ಸರ್,” ಎಂದರು ಪ್ರವೀಣಕುಮಾರ. “ಬಾಕಿ ಕಡೆ ನಾಲ್ಕು. ಇಲ್ಲಿ ಎಂಟು. ತಪ್ಪದ ಹಾಗೆ.”

“ಹಂಗಾರ ಎಲ್ಲಾ ಕಡೆ ಎಂಟು ಮಾಡಸ್ರಿ. ಇವತ್ತ ಆದೇಶ ಟೈಪ್ ಮಾಡಸ್ರಿ. ಇಷ್ಟು ಹೇಳಿಕೊಟ್ಟ ಮ್ಯಾಲೂ ಯಾರದರೆ ಗಿಡ ಒಣಗಿತಂದ್ರ ಆ ಮಾಲಿಗೆ ಕೆಲಸ ಬ್ಯಾಡಾಗೈತಿ ಅಂತ ಅರ್ಥ.” ಆಮೇಲೆ ನಗುತ್ತ ಮುದಕಮ್ಮನ ಕಡೆ ತಿರುಗಿದರು. “ಎಲ್ಲಿ ಅವ್ವಾ, ಕೊಡ ತಗೊಂಡು ಬಾ. ನಮ್ಮ ಮುಂದ ಒಂದು ಸಲ ಹಾಕು. ಒಂದು ಫೋಟೋ ಆಗಲಿ.”

ನಾಹೀದಾ ಫೋನ್ ಎತ್ತಿದಳು. ಮುದಕಮ್ಮ ಕೊಡ ಎತ್ತಿದಳು. ಒಂದು ತಂಬಿಗೆ ನೀರಿನ ಹಗುರ ಕೊಡ. ಸೊಂಟ ತನ್ನಷ್ಟಕ್ಕೆ ಬಗ್ಗಿತು, ಭಾರವಾದ ಹಾಗೆ, ಅಷ್ಟು ರೂಢಿಯಾಗಿತ್ತು. ಇನ್ನು ಬಗ್ಗಿಸುವುದೊಂದೇ ಬಾಕಿ. ಬಗ್ಗಿಸಿದರೆ ಕೆಲಸ ಉಳಿಯುತ್ತಿತ್ತು, ಬಹುಶಃ ಒಂದು ಶಾಲೂ ಸಿಗುತ್ತಿತ್ತು. ಕುಷ್ಟಗಿಯಲ್ಲಿ ಸರ್ದಾರಬೀ ನಾಳೆಯಿಂದ ಎಂಟು ತುಂಬಿದ ಕೊಡ ಹೊರುತ್ತಿದ್ದಳು. ಅವಳ ಕೊಡ ಸುಳ್ಳು ಹೇಳುವುದಿಲ್ಲ. ಅವಳಿಗೆ ಹಾಗೆ ಬರುವುದಿಲ್ಲ.

ಮುದಕಮ್ಮ ಕೊಡ ಕೆಳಗಿಟ್ಟಳು.

“ನಾ ನೀರ ಹಾಕಿಲ್ರಿ.”

“ಈಗ ಹಾಕು ಅಂದೆ.”

“ಈಗಲ್ರಿ. ಎಂಟು ಕೊಡ ಅಂದ ಮರುವಾರದಿಂದ ಹಾಕಿಲ್ಲ. ಎರಡ ತಿಂಗಳಾಗ ಎರಡ ಕೊಡ ಹಾಕೇನಿ ನೋಡ್ರಿ, ಅಷ್ಟ. ನೀರ ಹಾಕಿದ್ರ ಈ ಗಿಡ ಕೊಳೀತೈತ್ರಿ. ಬಾಕಿ ಮೂರೂ ಅದಕ್ಕ ಬಗ್ಗ್ಯಾವ.”

ಬೇವಿನ ಕೆಳಗೆ ಕೂತಿದ್ದ ಜನ ಎದ್ದು ನಿಂತರು. ಪ್ರವೀಣಕುಮಾರ ಟೇಬಲ್ಲಿನ ಕಡತದ ಕಡೆ ಕೈ ಚಾಚಿದರು.

ದೊಡ್ಡ ಸಾಹೇಬರು ಕಡತ ಎತ್ತಿ ತೋರಿಸಿದರು. “ಹಂಗಾರ ಈ ಫೋಟೋ?”

“ಫೋಟೋ ಸುಳ್ಳ ಅದಾವ್ರಿ.”

“ಗಿಡ?”

“ಗಿಡ ಖರೇನ ಐತ್ರಿ.”

ಕಳಕಪ್ಪ ಒಮ್ಮೆ ಕೆಮ್ಮಿದ, ನಗು ಮುಚ್ಚಿಕೊಳ್ಳಲು. ದೊಡ್ಡ ಸಾಹೇಬರು ಗಿಡ ನೋಡಿದರು, ಕಡತ ನೋಡಿದರು, ಗಡಿಯಾರ ನೋಡಿದರು. “ನೋಡೂಣ,” ಎಂದು ಕಾರು ಹತ್ತಿದರು.

ಮರುದಿನ ಆದೇಶ ಬಂತು. ನಾಲ್ಕೂ ಕಚೇರಿಗೆ, ದಿನಕ್ಕೆ ಎಂಟು ಕೊಡ, ಕಡ್ಡಾಯ. ಮೊದಲೇ ಟೈಪ್ ಆಗಿತ್ತಂತೆ, ಬದಲಿಸಲು ಮತ್ತೆ ಯಾರದೋ ಸಹಿ ಬೇಕಿತ್ತಂತೆ. ಕೆಳಗೆ ‘ಮಾದರಿ’ ಎಂದು ಒಂದು ಫೋಟೋ: ಮುದಕಮ್ಮ, ಬಗ್ಗಿದ ಸೊಂಟ, ಖಾಲಿ ಕೊಡ. ಕಣ್ಣೆದುರು ಹಸಿರಾಗಿ ನಿಂತದ್ದನ್ನು ನಂಬದೆ, ಸುಳ್ಳೆಂದು ಒಪ್ಪಿಕೊಂಡ ಕಾಗದವನ್ನು ನಂಬುವುದಕ್ಕೆ ಆಡಳಿತ ಎಂದು ಹೆಸರು. ಅದೇ ಟಪಾಲಿನಲ್ಲಿ ಇನ್ನೊಂದು ಕಾಗದವಿತ್ತು. ಸುಳ್ಳು ಛಾಯಾಚಿತ್ರ ಕಳಿಸಿ ಕಚೇರಿಯ ದಾರಿ ತಪ್ಪಿಸಿದ್ದಕ್ಕೆ ಮುದಕಮ್ಮ ಉತ್ತರ ಕೊಡಬೇಕೆಂದು. ಆ ಫೋಟೋ ಒಂದು ಕಾಗದದಲ್ಲಿ ಮಾದರಿ, ಇನ್ನೊಂದರಲ್ಲಿ ಅಪರಾಧ.

ಜೂನ್ ಒಂದರಂದು ಪಟ್ಟಿ ಬಂತು. ನಾಹೀದಾ ಪರದೆಯ ಮೇಲೆ ಬೆರಳು ಆಡಿಸಿದಳು, ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ.

“ಯಕ್ಕಾ...”

“ಗೊತ್ತಾತು ಬಿಡಬೇ. ನಿನ್ನ ಹೆಸರು ಐತಿಲ್ಲ?”

“ಐತಿ.”

“ಫೋಟೋ ತಗದಾಕಿ ನೀ ಅಂತ ಯಾರೂ ಕೇಳಲಿಲ್ಲ ನೋಡು. ಕೇಳಿದ್ರೂ ಹೇಳಬ್ಯಾಡ. ಹರವಿ ಅಷ್ಟು ತುಂಬಸು.”

ಹರಕು ಚೀಲದಲ್ಲಿ ಕಳೆ ಕೀಳುವ ತನ್ನ ಕುರುಪಿ, ಸುಣ್ಣದ ಡಬ್ಬಿ, ತಂಬಿಗೆ ತುಂಬಿಕೊಂಡು ಹೊರಟಾಗ ಗೇಟಿನಿಂದ ಒಮ್ಮೆ ತಿರುಗಿ ನೋಡಿದಳು. ಪ್ರವೀಣಕುಮಾರ ಸಾಹೇಬರು ಅಂಗಳದಲ್ಲಿದ್ದರು. ಯಾರೂ ನೋಡುತ್ತಿಲ್ಲವೆಂದುಕೊಂಡು ಗಿಡದ ಬುಡದಲ್ಲಿ ಬಗ್ಗಿ, ತೋರುಬೆರಳನ್ನು ಮಣ್ಣಿಗೆ ಇಳಿಸಿದರು. ತೆಗೆದು ನೋಡಿದರು. ಮೂಗಿನ ಹತ್ತಿರ ಒಯ್ದರು. ಅವಳು ಕಾಯಲಿಲ್ಲ. ಅವರು ಕಲಿಯುವ ತನಕ ಕಾಯುವಷ್ಟು ಹೊತ್ತು ಕುಷ್ಟಗಿಯ ಗಿಡಕ್ಕಿರಲಿಲ್ಲ.

ಮರುದಿನ ಅದೇ ಕಂಡಕ್ಟರ್. “ಮತ್ತ ಗರಸು? ಕೆಲಸ ಹೋಗೈತಂತಲ್ಲಬೇ ನಿಂದು?”

“ಕೆಲಸ ಹೋಗೈತಿ. ಮಣ್ಣು ಇಲ್ಲೇ ಐತಿ. ಕುಷ್ಟಗಿಗೆ ಒಂದು.”

ಅವನು ಫ್ರೀ ಟಿಕೆಟ್ ಹರಿದುಕೊಟ್ಟ. ಚೀಲವನ್ನು ತಾನೇ ಎಳೆದು ಡ್ರೈವರನ ಹಿಂದೆ ಇಟ್ಟ.

ಕುಷ್ಟಗಿಯ ಕಚೇರಿಯ ಅಂಗಳದಲ್ಲಿ ಸರ್ದಾರಬೀ ತುಂಬಿದ ಕೊಡ ಸೊಂಟದಲ್ಲಿಟ್ಟುಕೊಂಡು ನಿಂತಿದ್ದಳು. ಎದುರಿಗೆ ಇಬತ್ತಿ ಗಿಡ, ಎರಡು ಎಲೆ ನೆಲ ಮುಟ್ಟಿದ್ದವು. ಸುಳಿ ಇನ್ನೂ ಗಟ್ಟಿ ಇತ್ತು. ಮುದಕಮ್ಮ ಕೂತು ಒಡ್ಡಿಗೆ ಕುರುಪಿ ಹಾಕಿದಳು. ಕರಿ ನೀರು ಬುಳಕ್ಕನೆ ಹೊರಬಂತು, ವಾಸನೆಯೂ ಬಂತು.

“ಯಾ ಅಲ್ಲಾ,” ಸರ್ದಾರಬೀ ಸೆರಗು ಮೂಗಿಗೆ ಹಿಡಿದಳು. “ಇದು ಜವಳಿನ ವಾಸನಿ ಅಲ್ಲೇನ?”

“ಗೊತ್ತಾತಲ್ಲ? ಹದಿನೈದು ದಿನದ ಹಿಂದ ಫೋನಿನ್ಯಾಗ ಹೇಳಬೇಕಿತ್ತು ನಾನು. ಹೇಳಲಿಲ್ಲ. ಅಂಜಿದೆ.”

ಸರ್ದಾರಬೀ ಅವಳನ್ನು ನೋಡಿದಳು. ಕೊಡವನ್ನು ದಪ್ಪನೆ ಕೆಳಗಿಟ್ಟಳು. “ಹತ್ತೂವರಿ ಆತು,” ಎಂದಳು ಕೊನೆಗೆ. “ಫೋಟೋ ಹಾಕಬೇಕು. ಏನ ಮಾಡಲಿ? ನಿನ್ನಂಗ ಖಾಲಿ ಕೊಡ ಬಗ್ಗಸಲೇನು?”

“ಬ್ಯಾಡ. ನಾ ಬಗ್ಗಿಸಿದ್ದು ಎಲ್ಲೀತನಕ ಬಂದೈತಿ ನೋಡು.”

ಸರ್ದಾರಬೀ ಕೊಡದ ನೀರನ್ನು ಗೇಟಿನ ಬಳಿ ಕೂತಿದ್ದ ಜನರ ಬಾಟಲಿಗಳಿಗೆ ಸುರಿದು ಬಂದಳು. ಖಾಲಿ ಕೊಡವನ್ನು ಒಡೆದ ಒಡ್ಡಿನ ಮೇಲೆ ಬೋರಲು ಹಾಕಿದಳು. ಸೆರಗು ಸರಿಮಾಡಿ ಅದರ ಪಕ್ಕ ನೆಟ್ಟಗೆ ನಿಂತು ಫೋನನ್ನು ಮುದಕಮ್ಮನ ಕೈಗೆ ಕೊಟ್ಟಳು.

“ತಗಿ.”

“ನನಗ ಎಲ್ಲಿ ಬರತೈತಬೇ? ಈ ತನಕಾ ನಾ ಫೋನಿನ ಈ ಕಡೀಗೇ ನಿಂತಿಲ್ಲ.”

“ಬಿಳೀ ಗುಂಡು ಒತ್ತು. ನಿನ್ನ ಕೈ ಅಡ್ಡ ಬರತೈತಿ, ಸರಸು.”

ಮುದಕಮ್ಮ ಒತ್ತಿದಳು. ಹೆಬ್ಬೆರಳಿಗೆ ಎರೆ ಮಣ್ಣು ಮೆತ್ತಿತ್ತು, ಗಾಜಿನ ಮೇಲೂ ಮೆತ್ತಿತು. ತಾರೀಖು, ಸಮಯ, ಜಾಗ, ಎಲ್ಲ ತಾವಾಗಿಯೇ ಬಂದವು. ಸರ್ದಾರಬೀ ಫೋಟೋದ ಕೆಳಗೆ ಏನೂ ಬರೆಯದೆ ಗ್ರೂಪಿಗೆ ಕಳಿಸಿದಳು.

ಇಬ್ಬರೂ ಪರದೆ ನೋಡುತ್ತ ನಿಂತರು. ಯಾರು ಯಾರು ನೋಡಿದರೆಂದು ಹೆಸರುಗಳು ಒಂದೊಂದಾಗಿ ಮೂಡತೊಡಗಿದವು. ನಾಹೀದಾ ನೋಡಿದಳು. ಗಂಗಾವತಿಯವರು ಯಾರೋ ನೋಡಿದರು. ಪ್ರವೀಣಕುಮಾರ ನೋಡಿದರು. ಯಾರೂ ಹೆಬ್ಬೆರಳು ಎತ್ತಲಿಲ್ಲ, ಯಾರೂ ಬೈಯಲೂ ಇಲ್ಲ. ಕೊಪ್ಪಳದ ದೊಡ್ಡ ಸಾಹೇಬರ ಹೆಸರು ಇನ್ನೂ ಬಂದಿರಲಿಲ್ಲ.

“ಬರತೈತಿ ಈಗ,” ಎಂದಳು ಸರ್ದಾರಬೀ.

ಮುದಕಮ್ಮನಿಗೆ ನಿಲ್ಲಲಾಗಲಿಲ್ಲ. ಫೋನನ್ನು ಅವಳಿಗೇ ಬಿಟ್ಟು ಮತ್ತೆ ಕುಕ್ಕರುಗಾಲಲ್ಲಿ ಕೂತಳು. ಸುಣ್ಣದ ಡಬ್ಬಿ ತೆರೆದು, ಸುಳಿಗೂ ಪಕ್ಕದ ಎಲೆಯ ದಂಟಿಗೂ ಒಂದೇ ಸಮಕ್ಕೆ ಗೆರೆ ಎಳೆದಳು. ಆಮೇಲೆ ಎರಡೂ ಕೈ ಇಳಿಸಿ, ಬೇರಿಗೆ ಪೆಟ್ಟಾಗದ ಹಾಗೆ, ಕರಿ ಮಣ್ಣು ಬಗೆಯತೊಡಗಿದಳು.